ದೀಪ ಉರಿಯುತ್ತಿತ್ತು

ನೆಂಟರೆಲ್ಲ ಮೊದಲ ಬಸ್ಸಿಗೆ ಹೊರಟುಹೋಗಿದ್ದರು. ಮಣ್ಣು ಮಾಡಿದ ಮೇಲೆ ನ್ಯಾಮತಿಯ ಆ ಮನೆಯಲ್ಲಿ ಯಾರೂ ದನಿ ತೆಗೆದು ಅಳದ ಮೊದಲ ಬೆಳಗು ಅದು. ನಲ್ಲಿಯಲ್ಲಿ ನೀರು ಬಂತು, ಅಂಬಿಕಾ ಹಿಡಿದಿಟ್ಟಳು. ಮೈದುನ ಮೈಲಾರಿ ಅಣ್ಣನ ಸ್ಪ್ಯಾನರ್ ಚೀಲವನ್ನು ಹೆಗಲಿಗೇರಿಸುತ್ತಿದ್ದ.

"ಎಲ್ಲಿಗೆ?"

"ಪಂಪು ಇನ್ನೂ ಗುಂಡಿಯಾಗೇ ಐತೆ ಅತ್ತಿಗೆ. ನಾಳೆ ಮದುವೆ ಐತಂತೆ. ರೇವಣ್ಣೋರು ಫೋನ್ ಮೇಲೆ ಫೋನ್ ಮಾಡ್ತಾವ್ರೆ."

ಅಂಬಿಕಾ ಕೊಡ ಕುಕ್ಕಿದಳು. ಗಂಡ ಸಿದ್ದೇಶನನ್ನು ನುಂಗಿದ್ದು ಅದೇ ಗುಂಡಿ, ರೇವಣ್ಣನ ಕಲ್ಯಾಣ ಮಂಟಪದ ಹಿಂದಿನ ಕೊಚ್ಚೆ ಗುಂಡಿ. ಸರಪಳಿ ಕಳಚಿ ಬಿದ್ದ ಪಂಪನ್ನು ಎತ್ತಲು ಇಳಿದವನು ಮೇಲೆ ಬಂದದ್ದು ಹೆಣವಾಗಿ.

"ನಡಿ, ನಾನೂ ಬರ್ತೀನಿ" ಎಂದು ಬೈಕಿನ ಹಿಂದೆ ಕೂತಳು.

ಮಂಟಪದ ಹಿತ್ತಿಲಲ್ಲಿ ರೇವಣ್ಣ ಕುರ್ಚಿ ಹಾಕಿಸಿದ. "ಕಾಳು ತುಂಬೋ ಹಗೇವಿಗೆ ಇಳಿಯೋ ಮುಂಚೆ ನೋಡ್ತಾರಲ್ಲ, ಹಂಗೇ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟು ನೋಡಿದ್ವಿ ಕಣಮ್ಮ. ಚೆನ್ನಾಗೇ ಉರೀತಿತ್ತು. ಅವನ ಆಯಸ್ಸೇ ಅಷ್ಟು."

"ಕೊಳೆತ ಮೊಟ್ಟೆ ನಾತ ಬರ್ತೈತಲ್ಲ, ಆ ವಿಷ ದೀಪಾನ ಆರಿಸಲ್ಲ. ಮನುಷ್ಯನ್ನ ಆರಿಸ್ತೈತೆ."

ರೇವಣ್ಣ ನಕ್ಕ. "ನೀವು ಚುಕ್ಕಿ ಓದಿದೋರು. ಆಕಾಶದ ಮೋಡದಾಗೆ ಯಾವ ಗಾಳಿ ಎಷ್ಟೈತೆ ಅಂತ ಲೆಕ್ಕ ಹಾಕೋರು. ಕೊಚ್ಚೆ ಸುದ್ದಿ ನಮಗೆ ಬಿಡ್ರಿ."

ಲೆಕ್ಕ ಹಾಕಿದ್ದು ನಿಜ. ಒಂದೊಂದು ಅನಿಲಕ್ಕೂ ತನ್ನದೇ ರೇಡಿಯೋ ಅಲೆಗಳು. ಅವನ್ನು ಬಿಡಿಸಿ ಅಳೆಯುವುದರಲ್ಲೇ ಅವಳ ವಿಶ್ವವಿದ್ಯಾಲಯದ ವರ್ಷಗಳು ಕಳೆದಿದ್ದವು. ನಕ್ಷತ್ರ ಹುಟ್ಟುವ ಒಂದು ಮೋಡದಲ್ಲಿ ಇದೇ ನಾತದ ಅನಿಲ ಸಿಕ್ಕಿತ್ತು. "ಅಲ್ಲೂ ಕೊಚ್ಚೆ ಗುಂಡಿ ಐತೇನೇ?" ಎಂದು ಸಿದ್ದೇಶ ಹೊಟ್ಟೆ ಹಿಡಿದು ನಕ್ಕಿದ್ದ.

"ಇದೇ ವಿಷ ಅಲ್ಲೂ ಐತೆ ರೇವಣ್ಣೋರೆ. ಬೆಳಕು ಬರಾಕೇ ಸಾವಿರ ವರ್ಷ ಮೇಲಾಗ್ತೈತೆ, ಅಷ್ಟು ದೂರ. ಎಷ್ಟೈತೆ ಅಂತ ಇಲ್ಲಿ ಕೂತು ಅಳೆದ್ವಿ. ಯಾರನ್ನೂ ಇಳಿಸಲಿಲ್ಲ."

ರೇವಣ್ಣನ ನಗು ಇಂಗಿತು. "ಮೈಲಾರಿ ಒಲ್ಲೆ ಅಂದ್ರೆ ಸವಳಂಗದಿಂದ ಬೇರೆಯೋರನ್ನ ಕರೆಸ್ತೀನಿ."

ಅಂಬಿಕಾ ಹೋಗಿ ಗುಂಡಿಯ ಮುಚ್ಚಳದ ಮೇಲೆ ಕೂತುಬಿಟ್ಟಳು. "ಕರೆಸ್ರಿ. ನನ್ನ ದಾಟಿ ಇಳೀಲಿ."

ಆಗ ಗೋಡೆಯ ಬುಡದಲ್ಲಿದ್ದ ಪಾತಾಳಗರಡಿ ಕಣ್ಣಿಗೆ ಬಿತ್ತು. ಬಾವಿಗೆ ಬಿದ್ದ ಕೊಡ ಎತ್ತುವ ಕೊಕ್ಕೆಗಳ ಗೊಂಚಲು, ಉದ್ದನೆಯ ಹಗ್ಗದ ಸಮೇತ. ಪಕ್ಕದ ಓಣಿಯ ಅಖ್ತರ್‌ಬೀಯದು. ಸಿದ್ದೇಶ ಅವತ್ತು ಕೇಳಿ ತಂದಿದ್ದ. ಹಗ್ಗದ ಸಿಂಬಿ ಬಿಚ್ಚಿರಲೇ ಇಲ್ಲ.

"ಇದನ್ಯಾಕೆ ಬಿಡಲಿಲ್ಲ?"

ರೇವಣ್ಣ ಫೋನ್ ಕೈಗೆತ್ತಿಕೊಂಡ. ಅಡುಗೆಯ ಗಿಡ್ಡಪ್ಪ ಒಲೆಯ ಮುಂದಿನಿಂದಲೇ ಹೇಳಿದ: "ಗರಡಿ ಆಡಿಸ್ತಾ ಕೂತ್ರೆ ಹೊತ್ತಾಗ್ತೈತೆ, ಇಳಿದುಬಿಡು ಅಂದಿದ್ದು ಇವರೇ ಕಣಮ್ಮ."

ಅಂಬಿಕಾ ಎದ್ದು ಮುಚ್ಚಳ ಸರಿಸಿದಳು. "ಮೈಲಾರಿ, ಗಾಳಿಗೆ ಬೆನ್ನು ಕೊಟ್ಟು ದೂರ ನಿಲ್ಲು. ಬಿಡು ಗರಡೀನ."

ಕೊಕ್ಕೆ ಜಾರಿತು, ಮತ್ತೆ ಜಾರಿತು. ಬಿಸಿಲು ನೆತ್ತಿಗೆ ಬರುವ ಮೊದಲೇ ಪಂಪು ಮೇಲೆ ಬಂತು.

"ಇಷ್ಟೇ ಹೊತ್ತು ರೇವಣ್ಣೋರೆ. ಇದನ್ನ ಠಾಣೆಯಾಗೂ ಹೇಳ್ತೀನಿ."

ಗರಡಿಯನ್ನು ಮಂಟಪದ ನಲ್ಲಿಯಲ್ಲೇ ಉಜ್ಜಿ ತೊಳೆದು ಅಖ್ತರ್‌ಬೀ ಮನೆಗೆ ಒಯ್ದಳು. ಮುದುಕಿ ಅವಳ ಒದ್ದೆ ಕೈ ಹಿಡಿದುಕೊಂಡಳು.

"ಇದಕ್ಕೇನು ಅವಸರ ಇತ್ತು ಬೇಟಿ? ಕೆಲಸಕ್ಕಾದ್ರೂ ಬಂತಾ?"

"ಇವತ್ತು ಬಂತು ಬೂಬಮ್ಮ" ಎಂದಳು ಅಂಬಿಕಾ.