ಇದ್ದಿಲು ದ್ಯಾಮಣ್ಣನನ್ನು ಗೆಲ್ಲಿಸುವುದು ಹೇಗೆ

೧

ಎಲ್ಲಿಂದ ಶುರು ಮಾಡಲಿ ಹೇಳಿ. ಕೇಳುತ್ತಿರುವುದು ನಿಮ್ಮನ್ನೇ, ಹಿಂದೆ ತಿರುಗಿ ನೋಡಬೇಡಿ. ನಿಜ ಹೇಳಬೇಕೆಂದರೆ ಈ ಕಥೆಗೆ ನನ್ನ ಹತ್ತಿರ ಒಂದು ಭರ್ಜರಿ ಆರಂಭ ಇತ್ತು:

“ಬ್ರಿಟಿಷರ ಕಾಲ. ಬೆಟ್ಟದ ತಪ್ಪಲಿನ ಒಂದು ದಂಡಿನ ಪಟ್ಟಣ. ಕಲ್ಲಿದ್ದಲು ವ್ಯಾಪಾರಿ ಈಶ್ವರಪ್ಪ ಜರಿ ರುಮಾಲು ಸುತ್ತಿ, ಕೋಟಿನ ಗುಂಡಿ ಹಾಕಿ, ಮುನಿಸಿಪಲ್ ಕೌನ್ಸಿಲ್ಲಿಗೆ ಓಟು ಕೇಳಲು ಸಾಹೇಬರ ಬಂಗಲೆಯ ಮೆಟ್ಟಿಲು ಹತ್ತಿದ. ಸಾಹೇಬರ ಒಲೆಯಲ್ಲಿ ಉರಿಯುತ್ತಿದ್ದುದು ಹಡಗಿನಲ್ಲಿ ಬಂದ ಕಲ್ಲಿದ್ದಲು. ಈಶ್ವರಪ್ಪನ ಜೇಬಿನಲ್ಲಿದ್ದುದು ಊರ ಕಲ್ಲಿದ್ದಲಿನ ಒಂದು ತುಂಡು.”

ಚೆನ್ನಾಗಿದೆ ಅಲ್ಲವೇ? ನನಗೂ ಹಾಗೇ ಅನ್ನಿಸಿತ್ತು. ಆದರೆ ಈಶ್ವರಪ್ಪ ಮೆಟ್ಟಿಲ ಮೇಲೇ ನಿಂತುಬಿಟ್ಟ. ಬಂಗಲೆಯ ಒಳಗೆ ಏನಿರುತ್ತದೆ ಅಂತ ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ನಾನು ನೀರಜಾ, ಮೈಸೂರಿನವಳು, ಈಗ ಕೆನಡಾದ ಥಾರ್ನ್‌ಹಿಲ್‌ನವಳು, ಸಾಫ್ಟ್‌ವೇರ್ ಟೆಸ್ಟಿಂಗಿನವಳು. ಚಳಿಯಾದರೆ ಗೋಡೆಯ ಮೇಲಿನ ಥರ್ಮೋಸ್ಟ್ಯಾಟ್ ಒತ್ತುತ್ತೇನೆ. ಕಲ್ಲಿದ್ದಲನ್ನು ಕೈಯಲ್ಲಿ ಹಿಡಿದವಳೇ ಅಲ್ಲ. (ನನ್ನ ಗಂಡ ಗಿರೀಶ ಓದಿ “ಚೆನ್ನಾಗಿದೆ” ಅಂದ. ಅವನು ಉಪ್ಪಿಲ್ಲದ ಸಾರಿಗೂ ಹಾಗೇ ಅನ್ನುತ್ತಾನೆ. ಇಡೀ ಪುಟ ಹೊಡೆದುಹಾಕಿದೆ.)

೨

ಹೊಸ ಆರಂಭ. ರಿಚ್ಮಂಡ್ ಹಿಲ್ ದೇವಸ್ಥಾನದ ಪಾರ್ಕಿಂಗ್ ಲಾಟಿನಲ್ಲಿ ಒಬ್ಬ ಮೀಸೆಯ ಮನುಷ್ಯ ಹಳೇ ಪಿಕಪ್ ಟ್ರಕ್ಕಿನಿಂದ ಇದ್ದಿಲಿನ ಚೀಲ ಇಳಿಸುತ್ತಿದ್ದರು. ಧೂಪದ ಕೆಂಡಕ್ಕೆ, ಅಂದರು. ಹೆಸರು ದ್ಯಾಮಣ್ಣ, ಧಾರವಾಡದ ಕಡೆಯವರು. ಕೆನಡಾಕ್ಕೆ ಬಂದಾಗಿನಿಂದ ಫ್ಯಾಕ್ಟರಿಗಳಲ್ಲಿ ಶಿಫ್ಟು ಮಾಡಿ ಮಾಡಿ ಬೇಸತ್ತು, ಸ್ಟೌಫ್‌ವಿಲ್ ದಾಟಿದ ಮೇಲೆ ಸಿಗುವ ಒಂದು ಪಟ್ಟಣದ ಅಂಚಿನಲ್ಲಿ ಇದ್ದಿಲು ಭಟ್ಟಿ ಹಾಕಿದ್ದಾರೆ. ಆ ಕಡೆ ಹುಳು ಬಿದ್ದು ಸತ್ತ ಮರಗಳು ರಾಶಿ ರಾಶಿ. ಅವನ್ನು ತಂದು, ಸುಟ್ಟು, ಚೀಲಕ್ಕೆ ತುಂಬಿ ಬಾರ್ಬೆಕ್ಯೂ ಮಾಡುವವರಿಗೆ ಮಾರುತ್ತಾರೆ.

(ಪಟ್ಟಣದ ಹೆಸರು ಹೇಳುವುದಿಲ್ಲ. ಆಲ್ಬರ್ಟ್ಸ್ ಕಾರ್ನರ್ ಅಂದುಕೊಳ್ಳಿ, ನಾನೇ ಇಟ್ಟ ಹೆಸರು. ಅಲ್ಲಿನ ಬೀದಿಗಳಿಗೆಲ್ಲ ರಾಣಿ, ರಾಜಕುಮಾರ, ಡ್ಯೂಕುಗಳದ್ದೇ ಹೆಸರು. ವಸಾಹತು ಕಾಲದ ಪಟ್ಟಣ ಹುಡುಕಿಕೊಂಡು ಬೆಟ್ಟದ ತಪ್ಪಲಿಗೆ ಹೋಗಿದ್ದೆನಲ್ಲ, ನನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ.)

ಮಾತು ಮುಗಿಸುವ ಹೊತ್ತಿಗೆ ದ್ಯಾಮಣ್ಣ, ತಾವು ಈ ಸಲ ಟೌನ್ ಕೌನ್ಸಿಲ್ಲಿಗೆ ನಿಂತಿರುವುದಾಗಿ, ಹಲ್ಲು ಕೀಳಿಸಲು ಹೋಗುತ್ತಿರುವವರ ಧ್ವನಿಯಲ್ಲಿ ಹೇಳಿದರು. ಭಟ್ಟಿಯ ಸುತ್ತ ಹೊಸ ಮನೆಗಳು ಎದ್ದಿವೆ. ಹೊಗೆ ಬರುತ್ತದೆ ಅಂತ ಅಲ್ಲಿಯವರು ದೂರು ಕೊಟ್ಟಿದ್ದಾರೆ. ಭಟ್ಟಿ ಇರಬೇಕೋ ಮುಚ್ಚಬೇಕೋ ಎಂದು ಹೊಸ ಕೌನ್ಸಿಲ್ ತೀರ್ಮಾನಿಸುತ್ತದೆ. ಅಲ್ಲಿ ಅವರ ಪರವಾಗಿ ಕೈ ಎತ್ತುವವರು ಯಾರೂ ಇಲ್ಲ. ಹಾಗಾಗಿ ತಮ್ಮ ಕೈಯನ್ನೇ ಅಲ್ಲಿಗೆ ಕಳಿಸಲು ಹೊರಟಿದ್ದಾರೆ.

ಭಟ್ಟಿ ಮುಚ್ಚಿದರೆ ಅವರೇನು ಉಪವಾಸ ಬೀಳುವುದಿಲ್ಲ. ಶಿಫ್ಟುಗಳು ಇದ್ದೇ ಇವೆ. ಆದರೆ ಈ ದೇಶದಲ್ಲಿ ಅವರದ್ದೇ ಅಂತ ಇರುವುದು ಅದೊಂದೇ, ಮತ್ತೆ ಇನ್ನೊಬ್ಬರ ಗಡಿಯಾರ ನೋಡಿಕೊಂಡು ಬದುಕಲು ಅವರಿಗೆ ಮನಸ್ಸಿಲ್ಲ.

೨ (ಮತ್ತೆ)

ಈಶ್ವರಪ್ಪನ ಜಾಗಕ್ಕೆ ಆಳು ಸಿಕ್ಕಿತು ಅಂತ ಖುಷಿಯಿಂದ ಬರೆದೆ: “ಬ್ರಿಟಿಷರ ಕಾಲ. ಕಲ್ಲಿದ್ದಲು ವ್ಯಾಪಾರಿ ದ್ಯಾಮಣ್ಣ ಜರಿ ರುಮಾಲು ಸುತ್ತಿ...”

“ತಡೀರಿ ಅಕ್ಕಾರ,” ಅಂದರು ದ್ಯಾಮಣ್ಣ. (ಹೌದು, ಪುಟದೊಳಗಿಂದಲೇ. ಆಧುನಿಕೋತ್ತರ ಕಥೆಯಲ್ಲಿ ಇದಕ್ಕೆ ಪರವಾನಗಿ ಇದೆ.) “ನನ್ನ ಯಾಕ ಸತ್ತವರ ಸಾಲಿನ್ಯಾಗ ಕುಂದ್ರಸ್ತೀರಿ? ಬರೂ ತಿಂಗಳ ಓಟು ಅದಾವ.”

ರುಮಾಲು ಚೆನ್ನಾಗಿ ಒಪ್ಪುತ್ತದೆ ಅಂದೆ. ತಮ್ಮ ಟೋಪಿಯೇ ಇರಲಿ, ಅಂದರು. ಅದರ ಮೇಲೆ ಒಂದು ಐಸ್ ಹಾಕಿ ತಂಡದ ಚಿತ್ರ ಇದೆ, ಆ ತಂಡ ಯಾವಾಗಲೂ ಸೋಲುತ್ತದಂತೆ. ರುಮಾಲು ಹೊಡೆದುಹಾಕಿದೆ.

೩

(ಕೈಬಿಟ್ಟಿದ್ದೇನೆ. ಅದರಲ್ಲಿ ಇದ್ದಿಲು ವಲಸಿಗರ ಸ್ಥಿತಿಯ ಸಂಕೇತವಾಗಿತ್ತು. ಓದಿ ನನಗೇ ನಿದ್ದೆ ಬಂತು.)

೪

ಭಟ್ಟಿ ನೋಡಲು ಹೋದೆ. ದ್ಯಾಮಣ್ಣನ ಹೆಂಡತಿ ಪಾರ್ವತೆವ್ವ ಚಾ ಕೊಟ್ಟರು. ಮಗಳು ಐಶ್ವರ್ಯಾ ಇಲ್ಲೇ ಹುಟ್ಟಿದವಳು, ಯೂನಿವರ್ಸಿಟಿಯಲ್ಲಿ ಪೊಲಿಟಿಕಲ್ ಸೈನ್ಸ್ ಓದುತ್ತಾಳೆ, ಅಪ್ಪನ ಕ್ಯಾಂಪೇನ್ ಮ್ಯಾನೇಜರೂ ಅವಳೇ. ಅಂಗಳದಲ್ಲಿ ಅಪ್ಪ ಅವಳನ್ನು ಕೇಳದೆ ಮಾಡಿಸಿದ ಬೋರ್ಡುಗಳು ಬಿದ್ದಿದ್ದವು: ಲೋಕಲ್ ಕೋಲ್, ಲೋಕಲ್ ವೋಟ್.

“ಅಪ್ಪಾ, ಇಟ್ಸ್ ಚಾರ್ಕೋಲ್,” ಅನ್ನುತ್ತಿದ್ದಳು. “ಕೋಲ್ ಅಂದ್ರೆ ಕ್ಲೈಮೇಟ್‌ನವರೆಲ್ಲ ನಮ್ಮ ಡೋರ್‌ಸ್ಟೆಪ್ ಮೇಲೆ ಇರ್ತಾರೆ.”

ಬರಲಿ ಬಿಡು, ಚಾ ಕೊಡೋಣ, ಅಂದರು ದ್ಯಾಮಣ್ಣ. ಆ ಬೋರ್ಡುಗಳನ್ನೆಲ್ಲ ಅವಳು ಒಲೆಗೆ ಹಾಕಿ, ಬೇರೆ ಮಾಡಿಸಿದಳು. ಮನೆಮನೆಗೆ ಹೋಗುವ ದಾರಿಯನ್ನೂ ಫೋನಿನಲ್ಲಿ ಗುರುತು ಮಾಡಿಟ್ಟಳು. ಹಸಿರು ಮನೆ ನಮ್ಮದು, ಹಳದಿ ಮನೆ ಅನುಮಾನ, ಕೆಂಪು ಮನೆ ದೂರು ಕೊಟ್ಟವರದ್ದು. ಕೆಂಪಿಗೆ ಹೋಗುವುದು ವೇಸ್ಟ್. ಕೊನೆಯ ವಾರ ಪೂರ್ತಿ ಹಳದಿ.

ಸಂಜೆ ಮನೆಗೆ ಬಂದು ಬರೆದೆ: “ಪಾರ್ವತೆವ್ವ ಇದ್ದಿಲಿನ ಕೆಂಡದ ಮೇಲೆ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಅವಳ ಕಣ್ಣಲ್ಲಿ...”

“ಎಲ್ಲಾರ ಕಥ್ಯಾಗೂ ನಾವು ರೊಟ್ಟಿನ ಬಡೀಬೇಕೇನ್ರಿ?” ಅಂದರು ಪಾರ್ವತೆವ್ವ. “ಕೆಂಡದ ಮ್ಯಾಲ ರೊಟ್ಟಿ ಬಡ್ಯಾಕ ಬರತೈತೇನು? ಕೈ ಸುಡಂಗಿಲ್ಲಾ?”

ತಪ್ಪಾಯಿತು ಅಂದೆ. ಮೈಸೂರಿನವಳು, ರೊಟ್ಟಿ ತಿಂದು ಗೊತ್ತೇ ಹೊರತು ಬಡಿದು ಗೊತ್ತಿಲ್ಲ. ರೊಟ್ಟಿಯನ್ನೂ ಕಣ್ಣನ್ನೂ ತೆಗೆದು, ಅವರ ಕೈಗೆ ಟ್ರಕ್ಕಿನ ಸ್ಟಿಯರಿಂಗ್ ಕೊಟ್ಟೆ. ಹೈವೇಯಲ್ಲಿ ಲೋಡು ಹೊಡೆಯುವುದು ಮೊದಲಿನಿಂದಲೂ ತಾವೇ ಎಂದರು. ನನ್ನ ಕಥೆಗೆ ಅದು ಗೊತ್ತಿರಲಿಲ್ಲ, ಅಷ್ಟೇ.

೫

ಇಲ್ಲಿಂದ ಕಥೆ ನನ್ನ ಕೈ ತಪ್ಪಿತು.

ವಿಜಯದಶಮಿ ಮತದಾನದ ಹಿಂದಿನ ವಾರ ಬಂತು. ನಮ್ಮ ಮೈಸೂರಿನಲ್ಲಿ ದಸರಾ ಅಂದರೆ ಗೊಂಬೆ, ಆನೆ, ಮನೆಮಂದಿಗೆಲ್ಲ ಕಾಲುನೋವು. ದ್ಯಾಮಣ್ಣನ ಕಡೆ ಅವತ್ತು ಬನ್ನಿ ಎಲೆ ಹಿಡಿದು ಮನೆಮನೆಗೆ ಹೋಗುತ್ತಾರೆ. ಅದು ಅವರಿಗೆ ಬಂಗಾರ. ಒಬ್ಬರಿಗೊಬ್ಬರು ಕೊಟ್ಟು, ಬಂಗಾರದ ಹಾಗೆ ಇರೋಣ ಅನ್ನುತ್ತಾರೆ. ಯಾರ ಜೊತೆ ಮಾತು ಬಿಟ್ಟಿದೆಯೋ ಅವರ ಮನೆಗೇ ಮೊದಲು ಹೋಗಬೇಕು. ಇಲ್ಲಿ ಬನ್ನಿ ಮರ ಎಲ್ಲಿಂದ ಬರಬೇಕು? ದ್ಯಾಮಣ್ಣ ಪ್ರತಿ ವರ್ಷ ಹಳದಿ ತಿರುಗಿದ ಮೇಪಲ್ ಎಲೆಯಲ್ಲೇ ಕೆಲಸ ಮುಗಿಸುತ್ತಾರೆ.

ಅವತ್ತು ಐಶ್ವರ್ಯಾಳಿಗೆ ಪರೀಕ್ಷೆ. ಹಳದಿ ಮನೆಗಳಿಗೆ ಅಪ್ಪನನ್ನು ಕರೆದುಕೊಂಡು ಹೋಗುವ ಜವಾಬ್ದಾರಿ ನನಗೆ ಬಿತ್ತು. ದ್ಯಾಮಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿ, ಪೇಪರ್ ಬ್ಯಾಗಿನ ತುಂಬ ಎಲೆ ಹಿಡಿದು ಕಾರು ಹತ್ತಿದರು. ನಾನು ಫೋನು ನೋಡಿ ಎಡಕ್ಕೆ ಅಂದೆ. ಅವರು ಬಲಕ್ಕೆ ಅಂದರು. ಹೀಗೆ ಅವತ್ತು ಪೂರ್ತಿ ನಾವು ಕೆಂಪು ಮನೆಗಳಿಗೇ ಹೋದೆವು.

ಮೊದಲ ಬಾಗಿಲು ಮಿಸೆಸ್ ಪ್ರಿಚರ್ಡ್ ಅವರದ್ದು. ವಯಸ್ಸಾದವರು, ಒಬ್ಬರೇ ಇದ್ದಾರೆ, ಹೊಗೆಯ ದೂರಿಗೆ ಮುಂದಾಳು ಅವರೇ. ಒಗೆದು ಹೊರಗೆ ಹಾಕಿದ ಬೆಡ್‌ಶೀಟು ವಾಸನೆ ಬರುತ್ತದೆ ಅಂತ ಅವರ ಸಿಟ್ಟು, ಅದು ಸುಳ್ಳೂ ಅಲ್ಲ. ಅಂಗಳದಲ್ಲಿ ಎಲೆ ಗುಡಿಸುತ್ತಿದ್ದರು. ದ್ಯಾಮಣ್ಣ ಟೋಪಿ ತೆಗೆದು, ಎರಡೂ ಕೈಯಲ್ಲಿ ಒಂದು ಎಲೆ ಚಾಚಿದರು.

“ಯು ಟೇಕ್ ಲೀಫ್, ಐ ಟೇಕ್ ಲೀಫ್. ವಿ ಬೋತ್ ಲಿವ್ ಲೈಕ್ ಗೋಲ್ಡ್.”

ಮಿಸೆಸ್ ಪ್ರಿಚರ್ಡ್ ತಾವು ಗುಡಿಸಿದ ರಾಶಿಯನ್ನು ನೋಡಿದರು, ದ್ಯಾಮಣ್ಣನ ಕೈಯಲ್ಲಿದ್ದ ಎಲೆಯನ್ನು ನೋಡಿದರು. ಇದು ಎಲೆಕ್ಷನ್ ವಿಷಯವೇ ಎಂದು ಕೇಳಿದರು. ನಾನು ದ್ಯಾಮಣ್ಣನ ಬೆನ್ನಿಗೆ ಮೆಲ್ಲಗೆ ತಿವಿದೆ. ಮಾತಿಗೆ ಬಾಗಿಲು ತಾನಾಗಿ ತೆರೆದಿದೆ, ಓಟಿನ ಬಗ್ಗೆ ಒಂದು ಮಾತು, ಅಷ್ಟೇ.

ಇಲ್ಲ, ಇವತ್ತು ಎಲೆಕ್ಷನ್ ಇಲ್ಲ, ಅಂದರು ದ್ಯಾಮಣ್ಣ.

ಹೊಗೆಯ ವಿಷಯವೇ? ಅದೂ ಅಲ್ಲ. ಮತ್ತೇನು? ಹಬ್ಬ. ಆಕೆ ಇನ್ನೇನೋ ಬರುತ್ತದೆ ಅಂತ ಕಾದರು, ನಾನೂ ಕಾದೆ. ಏನೂ ಬರಲಿಲ್ಲ. ಕೊನೆಗೆ ಆಕೆ ಎಲೆ ತೆಗೆದುಕೊಂಡು, ಬರಿಗೈಯಲ್ಲಿ ಕಳಿಸುವುದು ಹೇಗೆಂದೋ ಏನೋ, ರಾಶಿಯಿಂದ ಒಂದು ಎಲೆ ಆರಿಸಿ ಅವರ ಕೈಗಿಟ್ಟರು. ದ್ಯಾಮಣ್ಣ ಅದನ್ನು ಕಣ್ಣಿಗೊತ್ತಿಕೊಂಡು ಜೇಬಿಗೆ ಹಾಕಿದರು. ಉಳಿದ ಮನೆಗಳಲ್ಲೂ ಹೀಗೇ. ಒಬ್ಬರಂತೂ ಎಲೆ ತಂದುಕೊಡುವ ಹೊಸ ಸರ್ವಿಸ್ ಅಂದುಕೊಂಡು ನೋ ಥ್ಯಾಂಕ್ಸ್ ಅಂದರು.

೬

ಸಂಜೆ ಅಡುಗೆಮನೆಯಲ್ಲಿ ಐಶ್ವರ್ಯಾ ಫೋನಿನ ಮ್ಯಾಪ್ ನೋಡಿದಳು. ಹಳದಿ ಎಲ್ಲ ಹಳದಿಯಾಗಿಯೇ ಇತ್ತು.

“ನೀವು ಆಸ್ಕ್ ಮಾಡ್ಲೇ ಇಲ್ವಾ? ಒಂದು ಮನೇಲೂ?”

“ಬನ್ನಿ ಕೊಡಾಕ ಹ್ವಾದಲ್ಲಿ ಏನರ ಬೇಡ್ತಾರೇನವಾ?” ಅಂದರು ದ್ಯಾಮಣ್ಣ.

“ದೆನ್ ವೈ ಡಿಡ್ ಯು ಗೋ?”

“ಮಾತು ಬಿಟ್ಟಿತ್ತಲ್ಲ, ಅದಕ್ಕ.”

ಅವಳು ಅಳಲಿಲ್ಲ, ಕಿರುಚಲಿಲ್ಲ. ಭಟ್ಟಿ ಹೋಗುತ್ತೆ, ನೀವು ಮತ್ತೆ ಶಿಫ್ಟಿಗೆ ಹೋಗ್ತೀರಿ, ನಾನು ನೋಡ್ಬೇಕು ಅಂತ ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿ ಮೇಲಿನ ರೂಮಿಗೆ ಹೋದಳು. ಪಾರ್ವತೆವ್ವ ಗಂಡನ ಕಡೆ ನೋಡಲಿಲ್ಲ. ನನಗೂ ದ್ಯಾಮಣ್ಣನ ಮೇಲೆ ವಿಪರೀತ ಸಿಟ್ಟು ಬಂತು. ಒಳ್ಳೆಯತನ ಬೇರೆ ವಾರ ಇಟ್ಟುಕೊಳ್ಳಬಹುದಿತ್ತು.

೭

ಇಂಥ ಹೊತ್ತಿಗೇ ಅಲ್ಲವೇ ಲೇಖಕಿ ಇರುವುದು. ಭಾನುವಾರ ಕೂತು ಮುಕ್ತಾಯ ಬರೆದೆ.

ಅ) ದ್ಯಾಮಣ್ಣ ಭಾರಿ ಬಹುಮತದಿಂದ ಗೆದ್ದರು. ಕೆಂಪು ಮನೆಗಳೆಲ್ಲ ಕರಗಿಹೋದವು. (ಐಶ್ವರ್ಯಾ: “ಸ್ಟ್ಯಾಟಿಸ್ಟಿಕಲಿ ಇಂಪಾಸಿಬಲ್, ಆಂಟಿ.”)

ಆ) ದ್ಯಾಮಣ್ಣ ಒಂದೇ ಓಟಿನಲ್ಲಿ ಸೋತರು. (ನನಗೆ ಇದೇ ಇಷ್ಟ. ಪ್ರಶಸ್ತಿಗೆ ಹೇಳಿಮಾಡಿಸಿದಂತಿದೆ. ಪಾರ್ವತೆವ್ವ ಓದಿ, ಸೋಲಿಸೋದಾದರೆ ನೂರಾರು ಓಟಿನಲ್ಲಿ ಸೋಲಿಸಿ, ಆ ಒಂದು ಓಟಿನ ಮಾತನ್ನು ಇವರು ಸಾಯುವವರೆಗೂ ನಾನು ಕೇಳಬೇಕು, ಅಂದರು.)

ಇ) ಬ್ರಿಟಿಷರ ಕಾಲ. ಈಶ್ವರಪ್ಪ ಇನ್ನೂ ಮೆಟ್ಟಿಲ ಮೇಲೇ ನಿಂತಿದ್ದಾನೆ. (ಪಾಪ, ಮರೆತೇಬಿಟ್ಟಿದ್ದೆ.)

ದ್ಯಾಮಣ್ಣ ಮೂರನ್ನೂ ಓದಿದರು. ನನ್ನನ್ನು ಒಂದೇ ಒಂದು ಸಲ ಬಾಯಿಬಿಟ್ಟು ಕೇಳಿ, ಗೆಲ್ಲಿಸುತ್ತೇನೆ ಅಂದೆ. ನಿಜವಾಗಿ ಅಂದೆ, ತಮಾಷೆಗಲ್ಲ.

“ನೀವು ಗೆಲ್ಲಿಸಿದ್ರ ನನ್ನ ಭಟ್ಟಿ ನಿಮ್ಮ ಕಥಿ ಹಾಳ್ಯಾಗ ಅಷ್ಟ ಉರಿತೈತ್ರಿ,” ಅಂದರು. “ಅದನ್ನ ಬಿಡ್ರಿ. ನಾಳೆ ನಿಮ್ಮ ಕಾರು ಬೇಕಾಗೈತಿ.”

೮

ಸೋಮವಾರ. ಇದನ್ನು ಬರೆಯುತ್ತಿರುವುದು ಆಲ್ಬರ್ಟ್ಸ್ ಕಾರ್ನರ್ ಲೈಬ್ರರಿಯ ಮುಂದೆ, ಕಾರಿನೊಳಗೆ ಕೂತು. ಕೆಲಸಕ್ಕೆ ರಜೆ ಹಾಕಿದ್ದೇನೆ. ಮತ ಹಾಕುವುದು ಒಳಗೆ.

ಮಿಸೆಸ್ ಪ್ರಿಚರ್ಡ್ ದ್ಯಾಮಣ್ಣನ ಮನೆಗೆ ಫೋನು ಮಾಡಿದ್ದರಂತೆ. ಕಣ್ಣು ಮಂಜಾಗಿ ಡ್ರೈವಿಂಗ್ ಬಿಟ್ಟಿದ್ದಾರೆ, ಬಸ್ಸು ಆ ಕಡೆ ಹೋಗುವುದಿಲ್ಲ, ಓಟು ಹಾಕಬೇಕು, ಕೇಳಲು ಬೇರೆ ಯಾರ ಮುಖವೂ ನೆನಪಾಗಲಿಲ್ಲವಂತೆ. ಆಕೆ ನಿಮಗೆ ಹಾಕುವುದಿಲ್ಲ ಅಂತ ನಾನು ದ್ಯಾಮಣ್ಣನಿಗೆ ಬಿಡಿಸಿ ಹೇಳಿದೆ. ಇರಬಹುದು, ಆದರೆ ಹತ್ತು ಗಂಟೆಗೇ ಹೋಗಿ ಕರೆದುಕೊಂಡು ಬನ್ನಿ, ಆಮೇಲೆ ಆಕೆಗೆ ನಿದ್ದೆಯ ಹೊತ್ತು, ಅಂದರು. ಐಶ್ವರ್ಯಾ ತಲೆ ಚಚ್ಚಿಕೊಂಡಳು. ಆಮೇಲೆ ತಾನೇ ಬಂದು ನನ್ನ ಕಾರಿನ ಮುಂದಿನ ಸೀಟಿನ ಮೇಲೆ ಬಿದ್ದಿದ್ದ ಚೀಲ ತೆಗೆದು, ಸೀಟು ಒರೆಸಿಕೊಟ್ಟಳು.

ದಾರಿಯಲ್ಲಿ ಮಿಸೆಸ್ ಪ್ರಿಚರ್ಡ್ ಹವೆಯ ವಿಷಯ ಮಾತಾಡಿದರು. ನಾನೂ ಹವೆಯ ವಿಷಯವೇ ಮಾತಾಡಿದೆ. ಭಟ್ಟಿಯ ಮುಂದೆ ಹಾದುಹೋಗುವಾಗಲೂ ಅದೇ ಹವೆ. ಇವತ್ತು ಭಟ್ಟಿ ಹಚ್ಚಿರಲಿಲ್ಲ.

ಈಗ ಆಕೆ ಒಳಗಿದ್ದಾರೆ. ರಟ್ಟಿನ ಮರೆಯ ಹಿಂದೆ ಕಣ್ಣು ಕಿರಿದು ಮಾಡಿಕೊಂಡು ಹೆಸರು ಹುಡುಕುತ್ತಿರಬೇಕು. ನಾನು ಅಲ್ಲಿಗೆ ಹೋಗಬಲ್ಲೆ, ಗೊತ್ತಲ್ಲ? ಲೇಖಕಿಗೆ ಮುಚ್ಚಿದ ಬಾಗಿಲು ಯಾವುದಿದೆ? ಆಕೆಯ ತಲೆಯೊಳಗೆ ಕೂತು, ಬೆಡ್‌ಶೀಟು ಗೆದ್ದಿತೋ ಎಲೆ ಗೆದ್ದಿತೋ ನೋಡಿಕೊಂಡು ಬಂದು ನಿಮಗೆ ಹೇಳಬಲ್ಲೆ. ಹೋಗಲು ಹೊರಟೂ ಇದ್ದೆ. ಅಷ್ಟರಲ್ಲಿ ನನ್ನ ಬಗ್ಗೆ ನನಗೇ ನಾಚಿಕೆಯಾಯಿತು. ನಿಮಗೆ ಬೇಜಾರಾದರೆ ಬೇರೆ ಕಥೆ ಓದಿ, ಮುಕ್ತಾಯವಿರುವ ಕಥೆಗಳು ಬೇಕಾದಷ್ಟಿವೆ.

ಬಂದರು. ಮೆಲ್ಲಗೆ ಮೆಟ್ಟಿಲಿಳಿದು, ನಾನು ಚಾಚಿದ ಕೈ ಹಿಡಿದು ಕಾರಿನಲ್ಲಿ ಕೂತರು. ಬೆಲ್ಟು ಹಾಕಿಕೊಂಡು ನನ್ನ ಮುಖ ನೋಡಿದರು, ನಾನು ಕೇಳುತ್ತೇನೆ ಅಂತ. ಯಾರಿಗೆ ಹಾಕಿದಿರಿ ಎಂಬ ಪ್ರಶ್ನೆ ನನ್ನ ನಾಲಿಗೆ ತುದಿಯವರೆಗೂ ಬಂದಿತ್ತು. ಹೊಸಬರನ್ನು ಕಂಡರೆ ಸಂಬಳದಿಂದ ಹಿಡಿದು ಸೊಸೆಯ ತವರಿನ ತನಕ ವಿಚಾರಿಸುವವಳು ನಾನು.

ಹೀಟರ್ ಇನ್ನೂ ಸ್ವಲ್ಪ ಜೋರು ಮಾಡಲೇ ಅಂತ ಮಾತ್ರ ಕೇಳಿದೆ.