ಮೇಕೆ ಬಾಯಿ ಹಾಕಿದ ಸಾಲು

ಕಲ್ಯದ ಮಾಯಮ್ಮನಿಗೆ ಸೊಪ್ಪು ಮುಟ್ಟಿದರೆ ಸಾಕು, ಗಿಡಕ್ಕೆ ಏನಾಗಿದೆ ಎಂದು ತಿಳಿಯುತ್ತಿತ್ತು. ಊರಿಗೆ ಊರೇ ರಾಗಿ ಬಿಟ್ಟು ರೇಷ್ಮೆ ಹುಳದ ಮೇವಿಗೆ ಹಿಪ್ಪುನೇರಳೆ ಕಡ್ಡಿ ನೆಡುತ್ತಿದ್ದ ವರ್ಷಗಳವು. ನಿನ್ನೆ ಮೊನ್ನೆ ಹುಳ ಸಾಕಲು ಕೂತವರೆಲ್ಲ ಪಂಡಿತರೇ. ಆದರೂ ಹುಳ ಸೊಪ್ಪು ತಿನ್ನದೆ ಬಿಟ್ಟರೆ ಆ ಪಂಡಿತರೆಲ್ಲ ಓಡಿಬರುತ್ತಿದ್ದದ್ದು ಇವಳ ಬಾಗಿಲಿಗೆ. ಮೇಕೆ ಬಾಯಿ ಹಾಕಿದ ಸಾಲಿನಿಂದ ಎಂಟು ದಿನ ಅವಳು ಒಂದೆಲೆಯನ್ನೂ ಕೊಯ್ಯುತ್ತಿರಲಿಲ್ಲ. “ಗಿಡ ಮುನಿಸ್ಕಂಡೈತೆ, ಸೊಪ್ಪು ಗಡಸಾಗೈತೆ” ಎನ್ನುತ್ತಿದ್ದಳು.

ರೇಷ್ಮೆ ಇಲಾಖೆಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದ ಮುನಾವರ್ ಇದನ್ನು ಕೇಳಿ ನಗಲಿಲ್ಲ.

“ಸುಳ್ಳಲ್ಲ ಅಮ್ಮ. ಒಂದೆಲೆಗೆ ಗಾಯ ಆದ್ರೆ ಮಿಕ್ಕ ಎಲೆಗಳಿಗೂ ಸುದ್ದಿ ಹೋಗ್ತದೆ. ಗಾಯ ಆಗ್ದೇ ಇರೋ ಎಲೆನೂ ಒಳಗೇ ಕಹಿ ರಸ ಮಾಡ್ಕೊಳ್ತದೆ, ತಿನ್ನೋಕೆ ಬಂದೋರು ವಾಪಸ್ ಹೋಗ್ಲಿ ಅಂತ. ತೊಟ್ಟು ಮುರಿದ್ರೆ ಹಾಲು ಬರ್ತದಲ್ಲ, ಅದೂ ಗಿಡದ ಕಾವಲೇ.”

“ಕಣ್ಣಿಲ್ಲ, ಕಿವಿಯಿಲ್ಲ. ಅದ್ಕೆ ಹೆಂಗಪ್ಪ ಗೊತ್ತಾಯ್ತದೆ?”

“ನೋವು ಗೊತ್ತಾಗೋಕೆ ಕಣ್ಣು ಕಿವಿ ಯಾಕಮ್ಮ?”

ಈ ಮಾತನ್ನು ಮಾಯಮ್ಮ ತಿಂಗಳುಗಟ್ಟಲೆ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದಳು. ಆ ಹೆಮ್ಮೆಗಿಷ್ಟು ಬೆಂಕಿ ಬೀಳಲಿ.

ಮಗಳು ಕಾವೇರಿಯನ್ನು ತಿಪ್ಪಸಂದ್ರಕ್ಕೆ ಕೊಟ್ಟಿತ್ತು. ಅಲ್ಲಿ ಬೀಗರ ಮನೆಯ ಹುಳಕ್ಕೆ ಸುಣ್ಣಕಟ್ಟು ರೋಗ ತಗುಲಿ, ಅಷ್ಟೂ ಹುಳ ಸುಣ್ಣದ ಕಡ್ಡಿಯಂತೆ ಬೆಳ್ಳಗೆ ಸೆಟೆದು ಸತ್ತವೆಂಬ ಸುದ್ದಿ ಬಂದು ವಾರವಾಗಿತ್ತು. ರೋಗ ಬಂದ ಮನೆಯವರು ಹುಳವಿರುವ ಇನ್ನೊಂದು ಮನೆಯ ಹೊಸಿಲು ದಾಟಬಾರದು, ಹೆತ್ತ ಮಗಳಾದರೂ ಸರಿಯೇ. ಆ ಸೀಮೆಯಲ್ಲಿ ಅದನ್ನು ಯಾರೂ ಮೀರುವುದಿಲ್ಲ. ಇತ್ತ ಮಾಯಮ್ಮನ ಹುಳ ನಾಲ್ಕನೇ ಜ್ವರ ಕಳೆದು, ಹಳೇ ಚರ್ಮ ಬಿಟ್ಟೆದ್ದು, ಮನೆಯೆಲ್ಲ ಸರಸರ ಸದ್ದು ಮಾಡುತ್ತ ಮೇಯುತ್ತಿದ್ದವು. ಅಂಥ ಹೊತ್ತಿನಲ್ಲಿ ಕಾವೇರಿ ಹೇಳದೆ ಕೇಳದೆ ಬಂದು ಅಂಗಳದಲ್ಲಿ ನಿಂತಳು.

“ಅಲ್ಲೇ ನಿಂತ್ಕೊ ಮಗಾ! ಹುಳ ಮೇಯ್ತಾ ಅವೆ, ಒಳೀಕೆ ಬರಬ್ಯಾಡ.”

ಕಾವೇರಿ ನಿಂತಳು. ಬಲಗೈ ಸೆರಗಿನೊಳಗಿತ್ತು. ಮಾಯಮ್ಮ ಮುದ್ದೆ ಸಾರು ತಂದರೆ ಕೈ ಚಾಚಲಿಲ್ಲ. “ಕಲ್ಲಿನ ಮ್ಯಾಲೆ ಇಡವ್ವ” ಎಂದಳು. ರೋಗ ಮುಟ್ಟಿಸಬಾರದೆಂಬ ಎಚ್ಚರ ನೋಡು, ನನ್ನ ಮಗಳಲ್ಲವೇ ಎಂದು ತಾಯಿ ಒಳಗೊಳಗೇ ಬೀಗಿದಳು.

“ಅವ್ವ, ಎಂಟು ದಿನ ಇದ್ದೋಗ್ಲಾ?”

“ಹುಳ ಗೂಡು ಕಟ್ಲಿ. ಆಮ್ಯಾಕೆ ಬಂದು ತಿಂಗ್ಳಾನುಗಟ್ಲೆ ಇರೀವಂತೆ.”

“ಕೊಟ್ಟಿಗೇಲಿ ಮನಿಕ್ಕಂತೀನಿ ಕಣವ್ವ.”

“ಗಾಳೀಲೇ ಬತ್ತದಂತೆ ಆ ರೋಗ. ಯಾಕೆ, ನಿಂಗೇನಾದ್ರೂ ಆಗೈತಾ?”

“ಏನೂ ಇಲ್ಲ. ಬತ್ತೀನಿ ಬುಡವ್ವ.”

ಮಾಯಮ್ಮ ಒಳಗೆ ಹೋಗಿ ಹುಳಕ್ಕೆ ಸೊಪ್ಪು ಹಾಕಿ ಬರುವಷ್ಟರಲ್ಲಿ ಮಗಳು ಹೊರಟುಹೋಗಿದ್ದಳು. ಮುದ್ದೆ ಹಾಗೇ ಇತ್ತು. ಮಾಯಮ್ಮನಿಗೆ ಮನಸ್ಸು ಚುರುಕ್ಕೆಂದಿತು, ನಿಜ. ಆದರೂ ಮಗಳು ನಿಂತಿದ್ದ ಜಾಗಕ್ಕೆ ಒಂದು ಹಿಡಿ ಸುಣ್ಣದ ಪುಡಿ ಎರಚಿಯೇ ಒಳಗೆ ಹೋದಳು.

ಗೂಡು ಊರೇ ಮೂಗಿನ ಮೇಲೆ ಬೆರಳಿಡುವಂತೆ ಬಂತು. ಅದನ್ನು ಬಿಡಿಸಿ ರಾಮನಗರದ ಮಾರ್ಕೆಟ್ಟಿಗೆ ಕಳಿಸಿದ ದಿನವೇ, ತಿಪ್ಪಸಂದ್ರದ ನೆಂಟರ ಮನೆಗೆ ಹೋಗಿಬಂದ ನೆರೆಮನೆಯ ಹನುಮಂತಮ್ಮ ಬೇಲಿಯಾಚೆಯಿಂದ ಕೇಳಿದಳು: “ಕಾವೇರಿ ಕೈ ಕೂಡ್ಕತಾ?”

“ಏನಾಗಿತ್ತು ಅವಳ ಕೈಗೆ?”

“ಅಯ್ಯೋ, ನಿಂಗೊತ್ತಿಲ್ವಾ? ಇವಳ ಕಾಲ್ಗುಣದಿಂದ್ಲೇ ಹುಳ ಸತ್ತೋದೊ ಅಂತ ಗಂಡ ಸೌದೇಲಿ ಬಡ್ದು ಕೈ ಮುರ್ದಾಕ್ದ. ಆ ಮುರುಕು ಕೈ ಇಟ್ಕಂಡೇ ಇಲ್ಲೀಗಂಟ ಬಂದಿದ್ಲಲ್ಲ!”

ಸೊಪ್ಪಿನ ನೋವು ಬಲ್ಲವಳಂತೆ ಮಾಯಮ್ಮ! ಹೊಟ್ಟೆಯಲ್ಲಿ ಹುಟ್ಟಿದ್ದು ಮಾರು ದೂರದಲ್ಲಿ ಮುರಿದ ಕೈ ಮುಚ್ಚಿಕೊಂಡು ನಿಂತಿದ್ದರೂ ಅವಳಿಗೆ ತಿಳಿಯಲಿಲ್ಲ. ದುಃಖಕ್ಕಿಂತ ಮೊದಲು ಅವಳಿಗೆ ತನ್ನ ಮೇಲೆ ಹೇಸಿಗೆ ಬಂತು.

ಮರುದಿನ ಮೊದಲ ಬಸ್ಸಿಗೇ ತಿಪ್ಪಸಂದ್ರಕ್ಕೆ ಹೋದಳು. ಬೀಗರ ಅಂಗಳದಲ್ಲಿ ಹುಳದ ತಟ್ಟೆಗಳನ್ನು ತೊಳೆದು ಗೋಡೆಗೆ ಒರಗಿಸಿ ಬಿಸಿಲಿಗಿಟ್ಟಿದ್ದರು. ಎಲ್ಲವೂ ಖಾಲಿ. ಸದ್ದು ಕೇಳಿ ಕಾವೇರಿ ಹೊಸಿಲಿಗೆ ಬಂದಳು. ಬಲಗೈಗೆ ಬಿದಿರ ದಬ್ಬೆ ಕಟ್ಟಿತ್ತು.

“ಬಾ ಮಗಾ, ನಮ್ಮನೇಗೆ ಹೋಗ್ವ” ಎನ್ನುತ್ತ ಮಾಯಮ್ಮ ಮೆಟ್ಟಿಲ ಮೇಲೆ ಕಾಲಿಟ್ಟಳು.

“ಹುಳ ಮೇಯ್ತಾ ಅವೆ ಕಣವ್ವ, ಒಳೀಕೆ ಬರಬ್ಯಾಡ.”

ದನಿಯಲ್ಲಿ ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. ಮಾಯಮ್ಮ ಖಾಲಿ ತಟ್ಟೆಗಳನ್ನು ನೋಡಿದಳು, ಮಗಳ ಮುಖ ನೋಡಿದಳು. ಇಟ್ಟ ಕಾಲನ್ನು ಹಿಂದಕ್ಕೆ ತೆಗೆದುಕೊಂಡಳು.

“ಎಷ್ಟು ದಿನ ಬುಟ್ಟು ಬರ್ಲವ್ವ?” ಎಂದು ಕೇಳಿದಳು.

ಕಾವೇರಿ ಎಡಗೈಯಿಂದ ಬಾಗಿಲು ಮುಚ್ಚಿದಳು.