ಸೋಮಾರಿ ಹೆಬ್ಬಾವಿಗೆ ಜೀವಂತ ಇಲಿ ಇಡಬೇಡಿ

ಗಂಡ ಕಡಲಿಗೆ ಹೋದರೆ ಅವನ ಕೆಲಸವೆಲ್ಲ ಹೆಂಡತಿಯ ತಲೆಗೆ ಬರುತ್ತದೆ. ಕಡಲಂಚಿನ ಊರು ಅನೇಹೊದ ನಮ್ಮ ಕೇರಿಯಲ್ಲಿ ಇದೇನೂ ಹೊಸತಲ್ಲ. ಬೇಲಿ ಕಟ್ಟುವುದು, ಸೂರಿಗೆ ತೆಂಗಿನ ಗರಿ ಹೊದಿಸುವುದು, ಹರಿದ ಬಲೆ ಹೊಲಿಯುವುದು, ಎಲ್ಲ ಅವಳದೇ. ಆಬ್ಲಾವಿಯ ಪಾಲಿಗೆ ಇದರ ಮೇಲೆ ಒಂದು ಹೆಬ್ಬಾವೂ ಬಂತು.

ಅವಳ ಗಂಡ ಮೆಸ್ಸಾನ್ ಮೊದಲು ಲೋಮೆ ಪಟ್ಟಣಕ್ಕೆ ಹೋಗುವ ರಸ್ತೆಯ ಒಂದು ಹಾವಿನ ಕೊಟ್ಟಿಗೆಯಲ್ಲಿ ಕೆಲಸಕ್ಕಿದ್ದ. ಅಲ್ಲಿ ಹೆಬ್ಬಾವಿನ ಮೊಟ್ಟೆ ಒಡೆಸಿ, ಮರಿಗಳನ್ನು ಸಾಕುವವರಿಗೆಂದು ಹೊರದೇಶಕ್ಕೆ ಕಳಿಸುತ್ತಾರೆ. ಬೆನ್ನು ಸೊಟ್ಟಗಿದ್ದ ಒಂದು ಮರಿಯನ್ನು ಯಾರೂ ಕೊಳ್ಳಲಿಲ್ಲ. ಇವನು ಕೇಳಿ ಇಸಿದುಕೊಂಡು, ಅಂಗಿಯೊಳಗೆ ಬೆಚ್ಚಗಿಟ್ಟು ಮನೆಗೆ ತಂದ. ನಮ್ಮ ಕಡೆಯ ಈ ಹೆಬ್ಬಾವು ಬೆಳೆದರೂ ಎರಡು ತೋಳುದ್ದ, ಅಷ್ಟೇ. ಹೆದರಿದರೆ ತಲೆಯನ್ನು ಒಳಗಿಟ್ಟು ಚೆಂಡಾಗಿಬಿಡುತ್ತದೆ. ಮೆಸ್ಸಾನ್ ಅದಕ್ಕೆ ಸೋಮಾರಿ ಎಂದು ಹೆಸರಿಟ್ಟ. ಅವನ ತಾಯಿ ದಾನ್ಸಿಗೆ ಮಾತ್ರ ಅದು ತಾತ. ಹೆಬ್ಬಾವೆಂದರೆ ಅವರ ಮನೆತನದ ಹಿರಿಯ. ದಾರಿಯಲ್ಲಿ ಸಿಕ್ಕರೆ ಎರಡೂ ಕೈಯಲ್ಲಿ ಎತ್ತಿ ಗುಡಿ ಮುಟ್ಟಿಸುವ ಜನ ಅವರು.

ಮೆಸ್ಸಾನ್ ಕೊಟ್ಟಿಗೆ ಬಿಟ್ಟು ಬೆಸ್ತರ ಜೊತೆ ದೂರದೇಶದ ರೇವುಪಟ್ಟಣ ಪ್ವಾಂತ್ ನ್ವಾರ್‌ಗೆ ಹೋದ. ಅಲ್ಲಿ ನಮ್ಮ ಕಡೆಯವರದೇ ಒಂದು ಕೇರಿ ಇದೆ. ಹೊರಡುವಾಗ ಹೆಂಡತಿಗೆ, ಸೋಮಾರಿಯನ್ನು ನೋಡಿಕೋ ಎಂದ. ಬೇರೇನೂ ಹೇಳಲಿಲ್ಲ.

ಭಾನುವಾರ ಅವನ ಫೋನು ಬರುತ್ತಿತ್ತು. ಮೊದಲ ಮಾತೇ, "ತಿಂದನಾ?" ಮೊದಮೊದಲು ಆಬ್ಲಾವಿಗೆ ಸಿಟ್ಟು ಬರುತ್ತಿತ್ತು. ಆಮೇಲೆ ಅರ್ಥವಾಯಿತು. ಇತ್ತ ಅತ್ತೆ ಪಕ್ಕದಲ್ಲೇ ಕೂತಿರುತ್ತಾಳೆ, ಅತ್ತ ದೋಣಿಯ ಗಂಡಸರು ಕಿವಿಗೊಟ್ಟಿರುತ್ತಾರೆ. ಹಾವಿನ ವಿಷಯ ಬಿಟ್ಟು ಅವನು ಇನ್ನೇನು ಕೇಳಿಯಾನು? ಹಾಗಾಗಿ ಅವಳೂ ಹಾವಿನ ಮಾತನ್ನೇ ಎಳೆದೆಳೆದು ಉದ್ದ ಮಾಡುತ್ತಿದ್ದಳು. ಪೊರೆ ಬಿಟ್ಟಿತು, ಬಿಸಿಲು ಕಾಯಿಸಿತು, ನಿನ್ನ ಹಳೇ ಅಂಗಿಯ ಮೇಲೆಯೇ ಮಲಗುತ್ತದೆ. ಇದನ್ನು ಹೇಳುವಾಗ ಅವಳ ದನಿ ತಗ್ಗುತ್ತಿತ್ತು. ಅವನ ಅಂಗಿಗಳ ಮೇಲೆ ಮಲಗುತ್ತಿದ್ದದ್ದು ಹಾವು ಮಾತ್ರವಲ್ಲ.

ಈಗ ತಪ್ಪು ಎಲ್ಲಾಯಿತು ನೋಡಿ. ಹಿರಿಯರು ಉಣ್ಣುವುದನ್ನು ನಮ್ಮಲ್ಲಿ ಯಾರೂ ನೋಡುವಂತಿಲ್ಲ. ಸೊಸೆಯಾದವಳು ಮುದ್ದೆ, ಮೀನಿನ ಸಾರು ಇಟ್ಟು, ಬೆನ್ನು ತಿರುಗಿಸಿ, ಬಾಗಿಲೆಳೆದುಕೊಂಡು ಬರಬೇಕು. ತಾತನಿಗೂ ಇದೇ ಮರ್ಯಾದೆ ಎಂದು ದಾನ್ಸಿ ಕಟ್ಟುಮಾಡಿದಳು. ಆಬ್ಲಾವಿ ಹಿತ್ತಲ ಗೂಡಿನಲ್ಲಿ ಸಾಕಿದ ಇಲಿಯೊಂದನ್ನು ಜೀವಂತವಾಗಿ ಹಾವಿನ ಪೆಟ್ಟಿಗೆಗೆ ಬಿಟ್ಟು, ಮುಚ್ಚಳದ ಮೇಲೆ ಕಲ್ಲು ಹೇರಿ ಬಂದುಬಿಡುತ್ತಿದ್ದಳು. ಬೆಳಗ್ಗೆ ಇಲಿ ಇರುತ್ತಿರಲಿಲ್ಲ. ಸರಿಯಾಗಿಯೇ ನಡೆಯುತ್ತಿದೆ ಎಂದುಕೊಂಡಳು.

ಉತ್ತರದ ಒಣ ಗಾಳಿ ಶುರುವಾಯಿತು. ಆ ಕಾಲದಲ್ಲಿ ಈ ಹಾವುಗಳು ವಾರಗಟ್ಟಲೆ ಬಾಯಿ ತೆರೆಯುವುದಿಲ್ಲ. ಅವಳಿಗೆ ಇದನ್ನು ಯಾರೂ ಹೇಳಿರಲಿಲ್ಲ. ಒಂದು ಬೆಳಗ್ಗೆ ಮುಚ್ಚಳ ತೆಗೆದರೆ ಇಲಿ ಮೂಲೆಯಲ್ಲಿ ಕೂತು ಮೀಸೆ ತೀಡುತ್ತಿತ್ತು. ಹಾವಿನ ಬೆನ್ನಿನ ಮೇಲೆ ಹೆಬ್ಬೆರಳಗಲ ಚರ್ಮವೇ ಇರಲಿಲ್ಲ, ಒಳಗಿನ ಕೆಂಪು ಕಾಣುತ್ತಿತ್ತು. ಹಸಿದ ಇಲಿ ಕಡಿದಿತ್ತು. ಹಾವು ಚೆಂಡಾಗಿ ಕಡಿಸಿಕೊಂಡಿತ್ತು.

ಆಬ್ಲಾವಿ ಅಳಲಿಲ್ಲ. ಇಲಿಯನ್ನು ಚೀಲಕ್ಕೆ ಹಾಕಿ, ಬಾಯಿ ಬಿಗಿದು, ಹಿನ್ನೀರಿನ ಕಡೆ ನಡೆದಳು. ಅಲ್ಲಿ ಸೇನಾ ಎದುರಾದಳು. ಇವಳ ಜೊತೆ ಶಾಲೆಗೆ ಹೋದ ಗೆಳತಿ, ಈಗ ಕೋಳಿ ಆಡುಗಳಿಗೆ ಲಸಿಕೆ ಹಾಕುತ್ತ ತಿರುಗುವ ಸರ್ಕಾರಿ ನೌಕರಿಯವಳು.

"ಚೀಲದಲ್ಲಿ ಏನೇ ಅದು?"

"ಇಲಿ. ಮುಳುಗಿಸ್ತೀನಿ."

"ನಿನ್ನ ಮುಖಾನ ಆ ನೀರಲ್ಲಿ ಅದ್ದಿ ಹಿಡ್ಕೊಳ್ಳಲಾ? ಎಷ್ಟೊತ್ತು ಒದ್ದಾಡ್ತೀಯ ಅಂತ ಗೊತ್ತಾಗತ್ತೆ."

"ಅವರ ಹಾವನ್ನ ಕಿತ್ತು ತಿಂದಿದೆ ಕಣೇ ಇದು."

"ಹಸಿದಿತ್ತು, ತಿಂತು. ಇಬ್ಬರನ್ನೂ ಒಂದೇ ಪೆಟ್ಟಿಗೇಲಿ ಹಾಕಿ ಕಲ್ಲು ಹೇರಿದ್ದು ಯಾರು, ಇಲೀನಾ?"

ಆಗ ಆಬ್ಲಾವಿಗೆ ಅಳು ಬಂತು. ಈ ಹಾವು ಸತ್ತರೆ ಭಾನುವಾರ ಅವನ ಜೊತೆ ಮಾತಾಡಲು ನನಗೇನು ಉಳಿಯುತ್ತದೆ ಎಂದಳು. ಸೇನಾ ಚೀಲ ಕಿತ್ತುಕೊಂಡು ಅವಳ ಜೊತೆ ಮನೆಗೆ ಬಂದು, ಇಲಿಯನ್ನು ಮತ್ತೆ ಗೂಡಿಗೆ ಬಿಟ್ಟು ಜೋಳ ಹಾಕಿದಳು. ಕುದಿಸಿ ಆರಿಸಿದ ಉಪ್ಪುನೀರಲ್ಲಿ ಹಾವಿನ ಗಾಯ ತೊಳೆದು ಔಷಧಿ ಹಚ್ಚಿದಳು. ಗಾಯ ಮಾಗುವವರೆಗೆ ಪೆಟ್ಟಿಗೆಯ ತಳಕ್ಕೆ ಒಗೆದ ಬಟ್ಟೆ ಹಾಸಬೇಕು, ಮಣ್ಣು ತಾಗಬಾರದು ಎಂದಳು. ಇನ್ನು ಮುಂದೆ ಇಲಿಯನ್ನು ಕೊಂದೇ ಕೊಡಬೇಕು ಎಂದೂ ಹೇಳಿದಳು.

ಪಕ್ಕದಲ್ಲಿ ನಿಂತು ನೋಡುತ್ತಿದ್ದ ದಾನ್ಸಿ ಬಾಯಿ ಬಿಟ್ಟಳು.

"ತಾತನಿಗೆ ಹೆಣ ಇಡೋದಾ? ಹೆಣ ತಿನ್ನೋಕೆ ಅವನೇನು ನಾಯೀನಾ?"

"ನಿಮ್ಮ ಮಗ ತಂದ ಮೀನನ್ನ ನೀವು ಜೀವಂತ ನುಂಗ್ತಿದ್ರಾ ಅಮ್ಮ?"

"ಅದು ಬೇರೆ. ಹಿರಿಯರ ಊಟ ನೋಡಬಾರದು."

"ನೋಡ್ಬೇಡಿ. ಆದ್ರೆ ಹಿರಿಯರು ಮಲಗಿರೋ ಕೋಣೆಗೆ ಕತ್ತಿ ಹಿಡಿದವನನ್ನ ಬಿಟ್ಟು ಬಾಗಿಲು ಹಾಕೋದು ಯಾವ ಮರ್ಯಾದೆ?"

ದಾನ್ಸಿ ಒಪ್ಪಲಿಲ್ಲ. ತಾತ ಸತ್ತದ್ದನ್ನು ಮೂಸಿಯೂ ನೋಡುವುದಿಲ್ಲ, ಉಪವಾಸ ಬಿದ್ದು ಸಾಯುತ್ತಾನೆ, ನನ್ನ ಮಗನಿಗೆ ನೀವೇ ಉತ್ತರ ಹೇಳಿ ಎಂದು ಗೊಣಗುತ್ತ ಒಳಗೆ ಹೋದಳು.

ಆ ಭಾನುವಾರ ಫೋನು ಬಂತು. ತಿಂದನಾ ಎಂದು ಅವನು ಕೇಳಿದ. ತಿಂದ ಎಂದು ಸುಳ್ಳು ಹೇಳುವುದು ಸುಲಭವಿತ್ತು. ಆಬ್ಲಾವಿ ನಡೆದದ್ದನ್ನೆಲ್ಲ ಹೇಳಿದಳು.

"ನಾನು ಯಾವತ್ತೂ ಜೀವಂತ ಕೊಟ್ಟಿಲ್ಲ," ಎಂದ ಮೆಸ್ಸಾನ್. "ತೆಂಗಿನ ಮರದ ಹಿಂದೆ ಹೋಗಿ ಕೊಂದು ತರ್ತಿದ್ದೆ. ಅಮ್ಮ ಬೇಜಾರು ಮಾಡ್ಕೋತಾಳೆ ಅಂತ ನಿಂಗೂ ಹೇಳ್ಲಿಲ್ಲ. ಬೇಗ ಬಂದುಬಿಡ್ತೀನಲ್ಲ, ಹೇಳೋದೇನಿದೆ ಅಂದ್ಕೊಂಡೆ."

ದಾನ್ಸಿ ಫೋನು ಕಸಿದುಕೊಂಡಳು. "ತಾತನಿಗೆ ಹೆಣ ತಿನ್ನಿಸಿದ್ಯೇನೋ?"

"ಅದನ್ನ ತಿಂದೇ ಇಷ್ಟು ಬೆಳೆದಿರೋದಮ್ಮ ಅವನು."

ಮುದುಕಿ ಫೋನನ್ನು ಸೊಸೆಯ ಕೈಗೆ ಹಿಂದಿರುಗಿಸಿ, ಮೊದಲ ಸಲ, ಎದ್ದು ಹೊರಗೆ ಹೋದಳು. ಗಂಡ ಹೆಂಡತಿ ಮತ್ತೇನು ಮಾತಾಡಿದರೋ ನನಗೆ ಗೊತ್ತಿಲ್ಲ. ಬರುವುದು ಯಾವಾಗ ಎಂದು ಅವಳು ಕೇಳಿದಳಂತೆ. ಮೀನಿನ ಕಾಲ ಮುಗಿಯಲಿ ಎಂದನಂತೆ. ಅದು ಮುಗಿಯುವ ಕಾಲ ಯಾವುದು ಎಂದು ನಮ್ಮ ಕೇರಿಯ ಹೆಂಗಸರನ್ನು ಕೇಳಿ.

ಆಮೇಲೆ ಸೇನಾ ಬಿಡುವಾದಾಗಲೆಲ್ಲ ಬಂದು ಕಲಿಸಿದಳು. ಮೊದಲು ಸತ್ತ ಇಲಿಯ ಮೇಲೆ ಕೈ ಪಳಗಿಸಿದಳು. ಚಿಕ್ಕ ಇಲಿಯನ್ನೇ ಆರಿಸಬೇಕು, ದೊಡ್ಡದರ ಕತ್ತು ಕೈಗೆ ಬಗ್ಗುವುದಿಲ್ಲ. ಅದನ್ನು ಬೇರೆ ಇಲಿಗಳ ಕಣ್ಣಿಗೆ ಬೀಳದ ಕಡೆ ಒಯ್ದು, ಬಟ್ಟೆಯ ಕತ್ತಲಲ್ಲಿ ಸುಮ್ಮನಾಗಲು ಬಿಡಬೇಕು. ಒಂದು ಕೈ ತಲೆಬುರುಡೆಯ ಹಿಂದೆ ಗಟ್ಟಿಯಾಗಿ ಒತ್ತಿರಬೇಕು, ಇನ್ನೊಂದು ಬಾಲದ ಬುಡವನ್ನು ನೇರ ಹಿಂದಕ್ಕೆ ಒಂದೇ ಸಲ ಎಳೆಯಬೇಕು. ಕತ್ತಿನ ಎಲುಬು ತಲೆಯಿಂದ ಕಳಚಿದರೆ ಅದಕ್ಕೆ ತಿಳಿಯುವ ಮೊದಲೇ ಮುಗಿದಿರುತ್ತದೆ. ಮುಗಿಯಿತೆಂದು ನಂಬುವ ಮುಂಚೆ ನೋಡಬೇಕು. ಉಸಿರಿದೆಯೇ, ಎದೆ ಬಡಿಯುತ್ತಿದೆಯೇ, ಕಣ್ಣು ಮುಟ್ಟಿದರೆ ರೆಪ್ಪೆ ಆಡುತ್ತದೆಯೇ.

ಮೀನಿನ ಐಸು ಡಬ್ಬದಲ್ಲಿ ಇಟ್ಟರಾಗದೇ ಎಂದು ಆಬ್ಲಾವಿ ಕೇಳಿದ್ದುಂಟು. ಸೇನಾಳಿಗೆ ರೇಗಿತು. ಜೀವವಿರುವುದನ್ನು ಹೆಪ್ಪುಗಟ್ಟಿಸುವುದು, ಮುಳುಗಿಸುವುದು, ಚೀಲದಲ್ಲಿ ಹಾಕಿ ಗೋಡೆಗೆ ಬಡಿಯುವುದು, ಮೂರೂ ಹಿಂಸೆಯೇ ಎಂದಳು. ವಿಷವಿಟ್ಟು ಕೊಂದರೆ ಹಾವೂ ಸಾಯುತ್ತದೆ ಎಂದಳು.

ಗಾಯ ಮಾಗಿ ಕಪ್ಪು ಕಲೆಯಾಯಿತು. ಮೊದಲ ಮಳೆ ಬಿದ್ದು ನೆಲ ತಣಿದ ಮೇಲೆ ಹಾವು ನಾಲಿಗೆ ಚಾಚುತ್ತ ಪೆಟ್ಟಿಗೆಯೆಲ್ಲ ಓಡಾಡತೊಡಗಿತು. ಒಂದು ಸಂಜೆ ಆಬ್ಲಾವಿ ಒಬ್ಬಳೇ ಒಂದು ಇಲಿಯನ್ನು ತೆಗೆದುಕೊಂಡು ಮರದ ಹಿಂದೆ ಹೋದಳು. ಬಟ್ಟೆಯ ಮೇಲೆ ಕೈಯಿಟ್ಟು, ಇಲಿಯ ಎದೆಯ ಓಟ ನಿಧಾನವಾಗುವವರೆಗೆ ಕೂತಳು. ಅವನೂ ಇಲ್ಲೇ ಕೂತಿದ್ದ, ಅವನ ಅಂಗೈಗೂ ಹೀಗೇ ಬಡಿದಿತ್ತು ಎಂದು ಅವಳಿಗೆ ಅನ್ನಿಸಿತು. ಆಮೇಲೆ ಒಂದೇ ಸಲ ಎಳೆದಳು.

ಇಲಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಬಿಸಿನೀರಲ್ಲಿ ಇಟ್ಟು ಬೆಚ್ಚಗೆ ಮಾಡಿ, ಉದ್ದನೆಯ ಇಕ್ಕಳದಲ್ಲಿ ಹಿಡಿದು ಪೆಟ್ಟಿಗೆಯಲ್ಲಿ ಮೆಲ್ಲಗೆ ಆಡಿಸಿದಳು. ದಾನ್ಸಿ ಮಣೆ ತಂದು, ಪೆಟ್ಟಿಗೆಗೆ ಬೆನ್ನು ಹಾಕಿ ಗೋಡೆ ನೋಡುತ್ತ ಕೂತಳು. ಹಾವು ಕತ್ತು ಹಿಂದಕ್ಕೆಳೆದು ತಟ್ಟನೆ ಹಿಡಿಯಿತು, ಸುತ್ತಿಕೊಂಡಿತು.

"ತಿಂದನೇನೇ?"

"ನುಂಗ್ತಾ ಇದಾನೆ ಅತ್ತೆ."

"ನನ್ನ ಮಗ ಆ ಮರದ ಹಿಂದೆ ಉಚ್ಚೆ ಹೊಯ್ಯೋಕೆ ಹೋಗ್ತಾನೆ ಅಂದ್ಕೊಂಡಿದ್ದೆ," ಎಂದಳು ದಾನ್ಸಿ. ಸೆರಗಲ್ಲಿ ಮೂಗೊರೆಸಿಕೊಂಡಳು. ಮುಂದಿನ ಸಲ ನನ್ನನ್ನೂ ಕರೆ, ಬಟ್ಟೆ ಹಿಡಿದುಕೊಳ್ಳುತ್ತೇನೆ ಎಂದಳು.

ಈಗ ನಿಮಗೆ ಹೇಳುತ್ತೇನೆ, ನೇರವಾಗಿಯೇ. ಹಾವು ಸಾಕಿದ್ದರೆ ಅದಕ್ಕೆ ಜೀವಂತ ಇಲಿಯನ್ನು ಬಿಟ್ಟು ಬೆನ್ನು ತಿರುಗಿಸಬೇಡಿ. ಬಯಲಲ್ಲಾದರೆ ಇಲಿಗೆ ಓಡಲು ದಾರಿಯಿದೆ, ಹಾವಿಗೆ ಸರಿದುಹೋಗಲು ಬಿಲವಿದೆ. ನಿಮ್ಮ ಪೆಟ್ಟಿಗೆಯಲ್ಲಿ ಎರಡಕ್ಕೂ ಏನೂ ಇಲ್ಲ. ಹಾಗಾಗಿ ಆ ಸಾವು ನಿಮ್ಮ ಕೈಯದು. ಅದು ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯಲಿ. ಬರದಿದ್ದರೆ ನಿಮ್ಮೂರಿನ ಪಶುವೈದ್ಯರ ಹತ್ತಿರ ಹೋಗಿ ಕಲಿಯಿರಿ, ನಾಚಿಕೆ ಬೇಡ. ಕಲಿಯುವವರೆಗೆ ಬಲ್ಲವರ ಕೈಯಿಂದ ಮಾಡಿಸಿ. ಹಾವು ಮುಟ್ಟದೆ ಬಿಟ್ಟ ಇಲಿಯನ್ನು ಕೊಳೆಯುವ ಮೊದಲು ತೆಗೆದುಬಿಡಿ.

ದೂರ ಹೋಗುವವರೇ, ನಿಮಗೆ ಇನ್ನೊಂದು ಮಾತು. ನಿಮ್ಮ ಕೈಗೆ ಗೊತ್ತಿರುವ ಕೆಲಸವನ್ನು ಮನೆಯಲ್ಲಿ ಉಳಿಯುವವರ ಕೈಗೂ ಗೊತ್ತುಮಾಡಿ. ನೀವು ಬರುವ ದಾರಿಯನ್ನು ಮನೆಯವರು ಕಾದಾರು. ಪೆಟ್ಟಿಗೆಯೊಳಗಿನ ಜೀವಗಳು ಕಾಯಲಾರವು. ಕಲಿಸಿ ಹೋಗಿ.